ಓದುಗರ ಪ್ರಶ್ನೆ: ಕನ್ನಡದ ಸಣ್ಣ ಕತೆಗಳನ್ನು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಶಾಲೆ, ಪಿಯುಸಿ ಪಠ್ಯದಲ್ಲಿ ಓದಿದ್ದು ಬಿಟ್ಟರೆ ಕನ್ನಡದ ಸಣ್ಣ ಕತೆಗಳನ್ನು ಓದಿದ್ದು ಕಡಿಮೆ. ಬಾನು ಮುಷ್ತಾಕ್ ಅವರಿಗೆ ಬೂಕರ್ ಬಂದ ಮೇಲೆ ಮತ್ತೆ ಓದಬೇಕು ಅನ್ನಿಸಿದೆ. ಪುಸ್ತಕದಂಗಡಿಗೆ ಹೋದರೆ ಕಪಾಟು ತುಂಬ ಕಥಾಸಂಕಲನಗಳು. ಯಾವುದರಿಂದ ಶುರು ಮಾಡಲಿ? ಮನೆಯವರಿಗೆ, ಸ್ನೇಹಿತರಿಗೆ ಕೊಡುವುದಾದರೆ ಯಾವುದನ್ನು ಕೊಡಲಿ?

ಉತ್ತರ: ಮೊದಲಿಗೆ ಸಂಕಲನ ಹುಡುಕುವುದನ್ನು ಬಿಡಿ, ಒಂದು ಕತೆ ಹುಡುಕಿ. ಸಂಕಲನವೆಂದರೆ ಲೇಖಕರು ನಾಲ್ಕಾರು ವರ್ಷಗಳಲ್ಲಿ ಬರೆದ ಎಂಟು ಹತ್ತು ಕತೆಗಳ ಕಟ್ಟು. ಅದರಲ್ಲಿ ಎರಡು ಮೂರು ನಿಮ್ಮನ್ನು ಹಿಡಿದು ನಿಲ್ಲಿಸುತ್ತವೆ, ಇನ್ನು ಕೆಲವು ಸುಮ್ಮನೆ ಓದಿಸಿಕೊಂಡು ಹೋಗುತ್ತವೆ. ಮೊದಲ ಕತೆ ಹಿಡಿಸಲಿಲ್ಲವೆಂದು ಪುಸ್ತಕ ಮುಚ್ಚಿಟ್ಟವರನ್ನು ನೋಡಿದ್ದೇನೆ. ಕಾದಂಬರಿ ಓದುವ ಹಾಗೆ ಒಂದೇ ಸಮನೆ ಕೊನೆವರೆಗೂ ಓದಿ, ಯಾವ ಪಾತ್ರ ಯಾವ ಕತೆಯದೆಂದೇ ನೆನಪಿಲ್ಲ ಎನ್ನುವವರೂ ಇದ್ದಾರೆ. ಸಣ್ಣ ಕತೆ ಬೇಡುವುದು ಅರ್ಧ ಗಂಟೆ, ಓದಿದ ಮೇಲೆ ಒಂದು ದಿನದ ಬಿಡುವು. ಒಂದು ಕತೆ ಮನಸ್ಸಿಗೆ ಹತ್ತಿತೆಂದರೆ ಅದೇ ನಿಮ್ಮನ್ನು ಸಂಕಲನಕ್ಕೂ ಆ ಲೇಖಕರ ಬಳಿಗೂ ಕರೆದುಕೊಂಡು ಹೋಗುತ್ತದೆ.

ಹಾಗಾದರೆ ಯಾವ ಕತೆ? ತುಂಬ ದಿನ ಕನ್ನಡ ಓದದೆ ಇದ್ದವರಿಗೆ ನಾನು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿದೆ. ಸರ್ಕಾರಿ ಕೆಲಸದಲ್ಲಿ ಸವೆದುಹೋದ ತಬರ, ಬರಬೇಕಾದ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಆ ಕಡೆ ಫೈಲು ಮೇಜಿನಿಂದ ಮೇಜಿಗೆ ಹೋಗುತ್ತದೆ, ಈ ಕಡೆ ಹುಣ್ಣು ಮೇಲಕ್ಕೆ ಏರುತ್ತದೆ. ತೇಜಸ್ವಿ ಎಲ್ಲೂ ದನಿ ಏರಿಸುವುದಿಲ್ಲ, ಯಾರನ್ನೂ ಖಳನಾಯಕನನ್ನಾಗಿ ಮಾಡುವುದಿಲ್ಲ. ಗುಮಾಸ್ತರು ತಮ್ಮ ಪಾಡಿಗೆ ನಿಯಮ ಪಾಲಿಸುತ್ತಿದ್ದಾರೆ, ಅಷ್ಟೆ. ತಾಲ್ಲೂಕು ಕಚೇರಿಯಲ್ಲಿ ಒಂದು ಸರ್ಟಿಫಿಕೇಟಿಗಾಗಿ ಕಾದು ಕೂತ ಅನುಭವವಿದ್ದವರಿಗೆ ಈ ಕತೆಯನ್ನು ಯಾರೂ ವಿವರಿಸಬೇಕಾಗಿಲ್ಲ. ತೇಜಸ್ವಿಯವರ ವಾಕ್ಯ ಚಿಕ್ಕದು, ನೇರ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕನ್ನಡವನ್ನು ನಿಧಾನವಾಗಿ ಓದುವ ಹುಡುಗ ಹುಡುಗಿಯರಿಗೂ ತೊಡಕಾಗುವುದಿಲ್ಲ. ಅದೇ ಪುಸ್ತಕದಲ್ಲಿ 'ಡೇರ್ ಡೆವಿಲ್ ಮುಸ್ತಾಫಾ' ಇದೆ, 'ತುಕ್ಕೋಜಿ' ಇದೆ. ತಬರನ ಭಾರ ಇಳಿದ ಮೇಲೆ ಅವನ್ನು ಓದಿ, ಬೇಕಾದಷ್ಟು ನಗಬಹುದು.

ಮನೆಯೊಳಗಿನ ಮಾತುಕತೆ, ಸಂಬಂಧಗಳ ಎಳೆದಾಟ ಇಷ್ಟಪಡುವವರಿಗೆ ಮಾಸ್ತಿಯವರ 'ಮೊಸರಿನ ಮಂಗಮ್ಮ'. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಹೆಂಗಸು ವಾಡಿಕೆಯಾಗಿ ಮೊಸರು ಕೊಳ್ಳುವ ಮನೆಯ ಗೃಹಿಣಿಯ ಹತ್ತಿರ ತನ್ನ ಕಷ್ಟಸುಖ ಹೇಳಿಕೊಳ್ಳುತ್ತಾಳೆ. ಹೊರಗಿನಿಂದ ನೋಡಿದರೆ ಅಲ್ಲಿ ನಡೆಯುವುದು ಅಷ್ಟೆ. ಮೊಮ್ಮಗನನ್ನು ಸೊಸೆ ಹೊಡೆದಳೆಂದು ಶುರುವಾದ ಜಗಳ ಮನೆ ಬೇರೆಯಾಗುವ ತನಕ ಬೆಳೆಯುತ್ತದೆ. ಒಂಟಿಯಾದ ಮಂಗಮ್ಮ, ಕೂಡಿಟ್ಟ ದುಡ್ಡಿನಲ್ಲಿ ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಆ ರವಿಕೆಯನ್ನು ಗಮನಿಸಿ ಓದಿ. ವಯಸ್ಸಾದ ಹೆಂಗಸಿನ ಆಸೆ, ಸಿಟ್ಟು, ನಾನಿನ್ನೂ ಇದ್ದೇನೆ ಎನ್ನುವ ಹಟ ಎಲ್ಲವೂ ಆ ತುಂಡು ಬಟ್ಟೆಯಲ್ಲಿದೆ, ಮಾಸ್ತಿ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಅವರ ಮೊದಲ ಸಂಕಲನ 'ಕೆಲವು ಸಣ್ಣ ಕತೆಗಳು' ಬಂದದ್ದು 1920ರಲ್ಲಿ. ನೂರು ವರ್ಷದ ಹಿಂದಿನವರು, ಭಾಷೆ ಹಳೆಯದಿರಬಹುದು ಎಂದು ದೂರ ಇಡುವವರಿಗೆ ಈ ಒಂದು ಕತೆ ಓದಿಸಿದರೆ ಸಾಕು. ಮಾಸ್ತಿಯವರ ಜೊತೆಗೇ ಕೊಡಗಿನ ಗೌರಮ್ಮನವರ 'ವಾಣಿಯ ಸಮಸ್ಯೆ' ಓದಿ. 1912ರಲ್ಲಿ ಹುಟ್ಟಿ 1939ರಲ್ಲೇ ನೀರಿನಲ್ಲಿ ಮುಳುಗಿ ತೀರಿಕೊಂಡ ಈ ಲೇಖಕಿ ಅಷ್ಟು ಕಡಿಮೆ ಆಯಸ್ಸಿನಲ್ಲಿ ಹೆಣ್ಣಿನ ಮನಸ್ಸನ್ನು ಅಷ್ಟು ಧೈರ್ಯವಾಗಿ ಬರೆದರಲ್ಲ ಎಂದು ಇವತ್ತಿಗೂ ನನಗೆ ಬೆರಗು. ಅವರ 'ಕಂಬನಿ', 'ಚಿಗುರು' ಎಲ್ಲಿ ಸಿಕ್ಕರೂ ಬಿಡಬೇಡಿ.

ಇನ್ನು, ಹೊಸ ಓದುಗರು ಎಡವುವುದು ಆಡುಮಾತಿನ ಮುಂದೆ. ದೇವನೂರ ಮಹಾದೇವ ಅವರ 'ದ್ಯಾವನೂರು' ಕೂಡ 1973ರದೇ. ನಂಜನಗೂಡಿನ ಸೀಮೆಯ ಮಾತು ಪುಟ ತುಂಬ ಹರಡಿಕೊಂಡಿರುತ್ತದೆ. ಧಾರವಾಡದವರಿಗೋ ಮಂಗಳೂರಿನವರಿಗೋ ಮೊದಲ ಪುಟದಲ್ಲೇ ಕಾಲು ತೊಡರುತ್ತದೆ. ವೈದೇಹಿಯವರ ಕುಂದಾಪುರದ ಕನ್ನಡ ಮೈಸೂರಿನವರಿಗೆ ಹಾಗೆಯೇ. ಇದಕ್ಕಿರುವ ಉಪಾಯ ಒಂದೇ: ಮೊದಲ ಎರಡು ಪುಟ ಗಟ್ಟಿಯಾಗಿ ಓದಿ. ಅರ್ಥವಾಗದ ಮಾತು ಬಂದರೆ ನಿಲ್ಲಬೇಡಿ, ಮುಂದೆ ಹೋಗಿ. ಕಣ್ಣಿಗೆ ಸಿಗದ ಅರ್ಥ ಎಷ್ಟೋ ಸಲ ಕಿವಿಗೆ ಸಿಗುತ್ತದೆ. ಮಹಾದೇವರ 'ಅಮಾಸ' ಓದುವಾಗ ನೋಡಿ: ಅಮಾವಾಸ್ಯೆಯಷ್ಟು ಕಪ್ಪಗಿರುವ ತಬ್ಬಲಿ ಹುಡುಗ, ಅವನನ್ನು ಸಾಕಿದ ಮುದುಕ ಕುರಿಯಯ್ಯ, ಮಾರಿಗುಡಿ, ಹಬ್ಬದ ಹುಲಿವೇಷ. ಎರಡನೆಯ ಪುಟ ದಾಟುವ ಹೊತ್ತಿಗೆ ಆ ಮಾತು ನಿಮ್ಮದೇ ಆಗಿರುತ್ತದೆ. ಈ ಕತೆಗಳನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿದರೆ ಉಳಿಯುವುದು ಘಟನೆ ಮಾತ್ರ. ವೈದೇಹಿಯವರದು 'ಅಕ್ಕು' ಇಂದ ಶುರುವಾಗಲಿ. ಊರೆಲ್ಲ ಮರುಳು ಎಂದು ಪಕ್ಕಕ್ಕಿಟ್ಟ ಹೆಂಗಸಿನ ಬಾಯಲ್ಲಿ ಬರುವ ಮಾತು ಊರಿನ ಎಲ್ಲರ ಮಾತಿಗಿಂತ ಸ್ಪಷ್ಟ.

ಪಟ್ಟಣದ ಬದುಕು ಬೇಕೆನ್ನುವವರಿಗೆ ಜಯಂತ ಕಾಯ್ಕಿಣಿ. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುಮಗನನ್ನು ಹೊತ್ತ ಕುದುರೆ ಮುಂಬಯಿಯ ಬೀದಿಯಲ್ಲಿ ಮೆರವಣಿಗೆ ಬಿಟ್ಟು ಓಡಿಹೋಗುತ್ತದೆ. ಇಷ್ಟು ಕೇಳಿದರೆ ಸಾಕಲ್ಲವೆ? ಯಶವಂತ ಚಿತ್ತಾಲರು ಸ್ವಲ್ಪ ತಾಳ್ಮೆ ಬೇಡುತ್ತಾರೆ. ಅವರನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ, ಕೈಬಿಡಬೇಡಿ.

ಬೂಕರ್ ಹೆಸರು ನೀವೇ ಎತ್ತಿದ್ದರಿಂದ ಒಂದು ಮಾತು. ದೀಪಾ ಭಾಸ್ತಿ ಅನುವಾದಿಸಿದ, 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ 'ಹಾರ್ಟ್ ಲ್ಯಾಂಪ್'ನಲ್ಲಿ 12 ಕತೆಗಳಿವೆ. ಅವು ಬಾನು ಮುಷ್ತಾಕ್ ಮೂರು ದಶಕಗಳ ಉದ್ದಕ್ಕೂ ಬರೆದ ಕತೆಗಳಿಂದ ಆರಿಸಿದವು. ಸಣ್ಣ ಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕನ್ನಡ ಬಲ್ಲವರು ಇಂಗ್ಲಿಷ್ ಪುಸ್ತಕ ಕೊಂಡು ತೃಪ್ತರಾಗಿಬಿಟ್ಟರೆ ನನಗೆ ಬೇಸರ. ಹಾಸನದ ಮುಸ್ಲಿಂ ಮನೆಗಳ ಒಳಗಿನ ಆ ಕನ್ನಡ, ಉರ್ದು ಬೆರೆತ ಆ ಮಾತಿನ ವರಸೆ ಮೂಲದಲ್ಲೇ ಇರುವುದು. 'ಕರಿ ನಾಗರಗಳು' ಓದಿ, ಮಸೀದಿಯ ಅಂಗಳದಲ್ಲಿ ನ್ಯಾಯ ಕೇಳುತ್ತ ಕೂತ ಹೆಂಗಸು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಇದನ್ನೇ ಗಿರೀಶ್ ಕಾಸರವಳ್ಳಿ 'ಹಸೀನಾ' ಸಿನಿಮಾ ಮಾಡಿದರು.

ಕಾಸರವಳ್ಳಿಯವರ ಸಿನಿಮಾಗಳ ಪಟ್ಟಿಯೇ ಕತೆ ಹುಡುಕಲು ಒಂದು ಒಳ್ಳೆಯ ದಾರಿ. 'ಘಟಶ್ರಾದ್ಧ'ದಿಂದ ಅನಂತಮೂರ್ತಿಯವರ ಕಡೆಗೆ ಹೋಗಬಹುದು, 'ಕನಸೆಂಬೋ ಕುದುರೆಯನೇರಿ'ಯಿಂದ ಅಮರೇಶ ನುಗಡೋಣಿಯವರ 'ಸವಾರಿ'ಗೆ. ಸಿನಿಮಾ ನೋಡಿದ್ದೇವೆ, ಇನ್ನು ಕತೆ ಯಾಕೆ ಅನ್ನಬೇಡಿ. ವೈದೇಹಿಯವರ 'ಗುಲಾಬಿ ಟಾಕೀಸು' ಕತೆಯಲ್ಲಿ ಊರಿಗೆ ಬರುವುದು ಸಿನಿಮಾ ಥಿಯೇಟರು. ಸಿನಿಮಾದಲ್ಲಿ ಅದು ಮೀನುಗಾರರ ಕೇರಿಯ ಒಂದು ಮನೆಗೆ ಬರುವ ಟಿ.ವಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕತೆ ಕಟ್ಟುವುದು ಅಂದರೇನು ಎಂದು ತಿಳಿಯುತ್ತದೆ.

ಒಬ್ಬೊಬ್ಬ ಲೇಖಕರನ್ನು ಹುಡುಕಿಕೊಂಡು ಹೋಗುವಷ್ಟು ಬಿಡುವಿಲ್ಲದವರಿಗೆ ಆಯ್ದ ಕತೆಗಳ ಸಂಪುಟಗಳಿವೆ. ಜಿ. ಎಚ್. ನಾಯಕರು ನ್ಯಾಷನಲ್ ಬುಕ್ ಟ್ರಸ್ಟಿಗೆ ಸಂಪಾದಿಸಿಕೊಟ್ಟ 'ಕನ್ನಡ ಸಣ್ಣ ಕಥೆಗಳು', ಎಸ್. ದಿವಾಕರ್ ಸಂಪಾದಿಸಿದ 'ಶತಮಾನದ ಸಣ್ಣ ಕತೆಗಳು' ಇವೆರಡರಲ್ಲಿ ಒಂದು ಮನೆಯಲ್ಲಿದ್ದರೆ ಒಂದು ಇಡೀ ವರ್ಷಕ್ಕೆ ಆಗುವಷ್ಟು ಓದು. ನನ್ನ ಒಲವು ಇಂಥ ಸಂಪುಟಗಳ ಕಡೆಗೇ. ಒಬ್ಬೊಬ್ಬರದು ಒಂದೊಂದೇ ಕತೆ ಇರುವುದರಿಂದ ನಿಮಗೆ ಯಾರು ಹತ್ತಿರ ಎಂದು ಬೇಗ ಗೊತ್ತಾಗುತ್ತದೆ. 'ಸಮಗ್ರ ಕತೆಗಳು' ಎಂದು ದಪ್ಪಗೆ ಬರುವ ಪುಸ್ತಕಗಳನ್ನು ಮಾತ್ರ ಮೊದಲಿಗೇ ಕೊಳ್ಳಬೇಡಿ. ಆ ಲೇಖಕರ ಮೇಲೆ ಪ್ರೀತಿ ಹುಟ್ಟಿದ ಮೇಲೆ ಕೊಂಡರೆ ಅವು ಕಪಾಟಿನಲ್ಲಿ ಧೂಳು ತಿನ್ನುವುದಿಲ್ಲ. ಬೇರೆ ದೇಶದ ಕತೆಗಳು ಕನ್ನಡದಲ್ಲೇ ಬೇಕೆನ್ನುವವರು ನಿರಂಜನರು ಸಂಪಾದಿಸಿದ ನವಕರ್ನಾಟಕದ 'ವಿಶ್ವಕಥಾಕೋಶ' ನೋಡಿ, 25 ಸಂಪುಟ. ಊರಿನ ಗ್ರಂಥಾಲಯದಲ್ಲಿ ಬಿಡಿ ಸಂಪುಟಗಳಾದರೂ ಸಿಕ್ಕಾವು.

ಹೊಸಬರನ್ನು ಎಲ್ಲಿ ಹುಡುಕುವುದು? ದೀಪಾವಳಿ ವಿಶೇಷಾಂಕಗಳಲ್ಲಿ. ಪ್ರಜಾವಾಣಿಯ ಕಥಾಸ್ಪರ್ಧೆ ದಶಕಗಳಿಂದ ನಡೆದುಬಂದಿದೆ, ಈಗ ನಾವು ಹಿರಿಯರೆಂದು ಓದುವ ಎಷ್ಟೋ ಕತೆಗಾರರು ಅದರಲ್ಲಿ ಬಹುಮಾನ ಪಡೆದೇ ಕಣ್ಣಿಗೆ ಬಿದ್ದವರು. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಹತ್ತಿರ ಹಿಂದಿನ ವರ್ಷಗಳ ವಿಶೇಷಾಂಕ ಕೇಳಿ ನೋಡಿ. ವಸುಧೇಂದ್ರ ನಡೆಸುವ ಛಂದ ಪುಸ್ತಕ, ಇನ್ನೂ ಒಂದೂ ಸಂಕಲನ ತರದ ಕತೆಗಾರರಿಂದ ಹಸ್ತಪ್ರತಿ ಕರೆದು ಬಹುಮಾನ ಕೊಟ್ಟು ಪ್ರಕಟಿಸುತ್ತದೆ. ಪದ್ಮನಾಭ ಭಟ್ ಶೇವ್ಕಾರರ 'ಕೇಪಿನ ಡಬ್ಬಿ', ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ' ಹೊರಬಂದದ್ದು ಹಾಗೆ. ಹೊರನಾಡಿನಲ್ಲಿ, ವಿದೇಶದಲ್ಲಿ ಇರುವವರಿಗೆ ಮೈಲ್ಯಾಂಗ್ ಆ್ಯಪಿನಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ ಸಿಗುತ್ತವೆ. ಋತುಮಾನ, ಕೆಂಡಸಂಪಿಗೆ, ಅವಧಿ ತಾಣಗಳಲ್ಲಿ ಬಿಡಿ ಕತೆಗಳನ್ನು ಓದಬಹುದು.

ಅಂಗಡಿಯಲ್ಲಿ ನಿಂತು ಗೊತ್ತಿಲ್ಲದ ಸಂಕಲನ ಕೈಗೆತ್ತಿಕೊಂಡಾಗ ಮುನ್ನುಡಿ ಬಿಟ್ಟುಬಿಡಿ. ನಮ್ಮಲ್ಲಿ ಮುನ್ನುಡಿಗಳು ಕತೆಯನ್ನೆಲ್ಲ ಮೊದಲೇ ಹೇಳಿಬಿಡುತ್ತವೆ, ಬೆನ್ನುಡಿಗಳು ಎಲ್ಲರನ್ನೂ ಒಂದೇ ಬಗೆಯಲ್ಲಿ ಹೊಗಳುತ್ತವೆ. ಪುಸ್ತಕದ ನಡುವಿನ ಯಾವುದಾದರೂ ಕತೆಯ ಮೊದಲ ಪುಟ ಓದಿ. ಯಾರೋ ಒಬ್ಬರು ಎಲ್ಲೋ ಏನೋ ಮಾಡುತ್ತಿರುವುದು ಕಣ್ಣಿಗೆ ಕಂಡರೆ ಕೊಳ್ಳಿ. ಪುಟ ಮುಗಿದರೂ ಬರೀ ವಿಚಾರವೇ ನಡೆಯುತ್ತಿದ್ದರೆ ನಾನಂತೂ ಅದನ್ನು ಮತ್ತೆ ಕಪಾಟಿಗೆ ಸೇರಿಸುತ್ತೇನೆ.

ಇನ್ನು ಬೇರೆಯವರಿಗೆ ಕೊಡುವ ವಿಷಯ. ಪಟ್ಟಿ ಕಳಿಸಬೇಡಿ. ಹತ್ತು ಹೆಸರಿನ ಪಟ್ಟಿ ಬಂದರೆ ಎಲ್ಲರೂ ಧನ್ಯವಾದ ಹೇಳಿ ಒಂದನ್ನೂ ಓದುವುದಿಲ್ಲ. ಅವರು ಈಚೆಗೆ ಮೆಚ್ಚಿ ಓದಿದ್ದೇನು, ನೋಡಿದ್ದೇನು ಎಂದು ಕೇಳಿ. ವಾರಪತ್ರಿಕೆಯ ಧಾರಾವಾಹಿ ಬಿಡದೆ ಓದುವ ಅತ್ತೆಗೋ ಚಿಕ್ಕಮ್ಮನಿಗೋ ಮಾಸ್ತಿ, ವೈದೇಹಿ ಒಗ್ಗುತ್ತಾರೆ. ನಗಬೇಕೆನ್ನುವವರಿಗೆ ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು'. ಜಾತಿಯೆಲ್ಲ ಈಗೆಲ್ಲಿದೆ ಎಂದು ವಾದಿಸುವ ಗೆಳೆಯನಿಗೆ ಉತ್ತರ ಕೊಡುವ ಬದಲು ಲಂಕೇಶರ 'ಮುಟ್ಟಿಸಿಕೊಂಡವನು' ಕೊಡಿ: ಕಣ್ಣಿನ ಆಪರೇಷನ್ ಮಾಡಿದ ಡಾಕ್ಟರು ಯಾವ ಜಾತಿಯೆಂದು ತಿಳಿದ ಮೇಲೆ ಬಸಲಿಂಗ ಏನು ಮಾಡಿಕೊಂಡ ಎಂಬುದು ಕತೆ. ಪುಸ್ತಕ ಕೊಡುವಾಗ ಆ ಒಂದು ಕತೆಯ ಪುಟಕ್ಕೆ ಚೀಟಿ ಇಟ್ಟು, ಇದೊಂದು ಓದಿ ಅನ್ನಿ. ಉಳಿದದ್ದನ್ನು ಓದುವುದು ಬಿಡುವುದು ಅವರಿಷ್ಟ.

ಕೊನೆ ಹೇಗಾಗುತ್ತದೆಂದು ಮಾತ್ರ ದಯವಿಟ್ಟು ಹೇಳಬೇಡಿ. ಎ. ಕೆ. ರಾಮಾನುಜನ್ನರ 'ಅಣ್ಣಯ್ಯನ ಮಾನವಶಾಸ್ತ್ರ' ಶಿಫಾರಸು ಮಾಡುವಾಗ ನಾನು ಹೇಳುವುದು ಇಷ್ಟೇ: ಅಮೆರಿಕದಲ್ಲಿರುವ ಅಣ್ಣಯ್ಯ ಹಿಂದೂಗಳ ಆಚಾರ ಸಂಪ್ರದಾಯದ ಬಗ್ಗೆ ಅಲ್ಲಿನವನೊಬ್ಬ ಬರೆದ ಪುಸ್ತಕ ತಿರುವಿಹಾಕುತ್ತಿದ್ದಾನೆ, ಅದರಲ್ಲಿ ಫೋಟೋಗಳಿವೆ. ಇದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ಓದುವವರಿಗೆ ಸಿಗಬೇಕಾದ ಏಟನ್ನು ನಾವೇ ತಡೆದಂತೆ. ಊರು ಬಿಟ್ಟು ದೂರ ಇರುವ ಯಾರಿಗಾದರೂ ಈ ಕತೆ ಕಳಿಸಿ. ಓದಿದ ರಾತ್ರಿಯೇ ಅವರು ಮನೆಗೆ ಫೋನ್ ಮಾಡಿದರೆ ಆಶ್ಚರ್ಯವಿಲ್ಲ.

ಕೊಟ್ಟ ಕತೆ ಅವರಿಗೆ ಹಿಡಿಸದೆಯೂ ಹೋಗಬಹುದು. ಆಗ ಅದೇ ಲೇಖಕರ ಇನ್ನೊಂದು ಕತೆ ಕೊಟ್ಟು ಒತ್ತಾಯಿಸಬೇಡಿ, ಬೇರೆಯವರ ಕಡೆಗೆ ಹೋಗಿ. ತಬರ ಬೇಡವಾದವರಿಗೆ ಮಂಗಮ್ಮ ಬೇಕಾಗಬಹುದು. ನಿಮಗೇ ತುಂಬ ಹಿಡಿಸಿದ ಕತೆ ಈಗಿನ ಯಾರಾದರೂ ಕತೆಗಾರರದಾಗಿದ್ದರೆ, ಪುಸ್ತಕದಲ್ಲಿರುವ ವಿಳಾಸಕ್ಕೆ ಎರಡು ಸಾಲು ಬರೆದು ತಿಳಿಸಿ.