ಬಸಿರು ಎಲ್ಲಿ ಕೂತಿದೆ ಎಂದು ಎರಡು ಗೆರೆ ಹೇಳುವುದಿಲ್ಲ

ತಿಂಗಳು ತಪ್ಪಿತು, ಕಿಟ್‌ನಲ್ಲಿ ಎರಡು ಗೆರೆ ಮೂಡಿದವು. ಅದರರ್ಥ ಮೂತ್ರದಲ್ಲಿ ಬಸಿರಾದಾಗ ಹುಟ್ಟುವ ಎಚ್‌ಸಿಜಿ ಹಾರ್ಮೋನು ಇದೆ ಎಂದಷ್ಟೇ. ಬಸಿರು ಗರ್ಭಕೋಶದ ಒಳಗೋ ಹೊರಗೋ ಎಂಬುದು ಕಿಟ್‌ಗೆ ತಿಳಿಯದು. ನೂರು ಬಸಿರಿನಲ್ಲಿ ಒಂದೆರಡು ಹೊರಗೆ ಕೂರುತ್ತವೆ, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಅಂಡನಾಳದಲ್ಲಿ.

ಗರ್ಭಕೋಶ ಬಸಿರಿನ ಜೊತೆ ಹಿಗ್ಗುತ್ತದೆ, ತೆಳುಗೋಡೆಯ ನಾಳಕ್ಕೆ ಆ ತ್ರಾಣವಿಲ್ಲ. ಮುಂದೆ ಮಾಸು (ಪ್ಲಾಸೆಂಟಾ) ಆಗಬೇಕಾದ ಅಂಗಾಂಶ ಗೋಡೆಯನ್ನು ಕೊರೆದು ರಕ್ತನಾಳ ಮುಟ್ಟುತ್ತದೆ. ಸಾಮಾನ್ಯವಾಗಿ ಕೊನೆಯ ಮುಟ್ಟಿನಿಂದ 6-8 ವಾರಕ್ಕೆ ತೊಂದರೆ ಶುರು: ಕಿಬ್ಬೊಟ್ಟೆಯಲ್ಲಿ, ಹೆಚ್ಚಾಗಿ ಒಂದು ಪಕ್ಕದಲ್ಲಿ ನೋವು, ಸ್ವಲ್ಪ ಕಂದು ಸ್ರಾವ. ಒಡೆದ ನಾಳದ ರಕ್ತ ಹೊಟ್ಟೆಯೊಳಗೇ ತುಂಬುವುದರಿಂದ ಪ್ಯಾಡ್ ನೋಡಿ ಅಪಾಯ ಅಳೆಯಲಾಗದು. ಆ ರಕ್ತ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕಿದರೆ ನೋವು ಹೆಗಲ ತುದಿಯಲ್ಲಿ ಕಾಣುತ್ತದೆ, ಏಕೆಂದರೆ ವಪೆಯ ನರವೂ ಹೆಗಲ ನರವೂ ಹೊರಡುವುದು ಕುತ್ತಿಗೆಯ ಒಂದೇ ಭಾಗದಿಂದ. ಕೆಲವರಿಗೆ ಭೇದಿ, ಮಲಕ್ಕೆ ಹೋಗಬೇಕೆನ್ನುವ ಒತ್ತಡ. ಇದನ್ನೇ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಿಬಿಡುತ್ತಾರೆ.

ನಮ್ಮಲ್ಲಿ ಎರಡು ತಪ್ಪು ಭರವಸೆಗಳು ವಿಶೇಷವಾಗಿ ಅಪಾಯಕಾರಿ. ಮಕ್ಕಳಾಗದ ಆಪರೇಷನ್ ಆಗಿದೆ, ಇನ್ನೆಲ್ಲಿಯ ಬಸಿರು ಎನ್ನುವುದು ಮೊದಲನೆಯದು. ಆಪರೇಷನ್ ವಿಫಲವಾಗುವುದು ಅಪರೂಪ, ಆದರೆ ಆದಾಗ ಬಸಿರು ನಾಳದಲ್ಲಿ ಕೂರುವ ಸಂಭವ ಹೆಚ್ಚು. ಕಾಪರ್-ಟಿ ಇದ್ದಾಗಲೂ ಅಷ್ಟೆ. ಎರಡನೆಯದು, ಸ್ಕ್ಯಾನ್ ಮಾಡಿಸದೆ ಮೆಡಿಕಲ್ ಶಾಪಿನಿಂದ ತಂದ ಗರ್ಭಪಾತದ ಮಾತ್ರೆ. ಅದು ನಾಳದ ಬಸಿರನ್ನು ತೆಗೆಯುವುದಿಲ್ಲ. ಆದರೂ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗಬಹುದು, ಎಲ್ಲ ಮುಗಿಯಿತೆಂದು ಆಕೆ ನಂಬುತ್ತಾಳೆ. ಆಮೇಲೆ ಬರುವ ನೋವನ್ನೂ ಮಾತ್ರೆಯ ಲೆಕ್ಕಕ್ಕೇ ಬರೆಯುತ್ತಾಳೆ.

ಹಿಂದೆ ನಾಳದ ಬಸಿರು ಆಗಿದ್ದವರು, ನಾಳಕ್ಕೆ ಸೋಂಕು ಅಥವಾ ಕ್ಷಯ ತಗುಲಿದವರು ಇನ್ನೂ ಎಚ್ಚರವಾಗಿರಬೇಕು. ಆದರೆ ಸುಮಾರು ಅರ್ಧದಷ್ಟು ಜನರಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ.

ತಲೆ ಸುತ್ತಿ ಬಿದ್ದರೆ, ಮೈ ತಣ್ಣಗಾಗಿ ಬೆವರಿದರೆ, ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ 108ಕ್ಕೆ ಕರೆ ಮಾಡಿ. ಮಲಗಿಸಿ, ಏನೂ ತಿನ್ನಿಸಬೇಡಿ, ನೀರೂ ಬೇಡ: ತುರ್ತು ಆಪರೇಷನ್ನಿಗೆ ಅರಿವಳಿಕೆ ಬೇಕಾಗಬಹುದು. ರಕ್ತ ಮತ್ತು ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಯೇ ಬೇಕು. ಕೊನೆಯ ಮುಟ್ಟಿನ ದಿನ, ಕಿಟ್‌ನ ಫಲಿತಾಂಶ, ನುಂಗಿದ ಮಾತ್ರೆ, ರಕ್ತದ ಗುಂಪು, ಇಷ್ಟನ್ನು ಮುಚ್ಚಿಡದೆ ಹೇಳಿ.

ನೋವು ಹಗುರವಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಹೊಟ್ಟೆಯ ಮೇಲಿನದಕ್ಕಿಂತ ಬೇಗ ಸುಳಿವು ಕೊಡುತ್ತದೆ. ಐದನೇ ವಾರದಲ್ಲಿ ಗರ್ಭಕೋಶ ಖಾಲಿ ಕಂಡರೆ ಬಸಿರು ಇನ್ನೂ ತೀರಾ ಎಳೆಯದಾಗಿರಲೂಬಹುದು, ಅದಕ್ಕೇ 48 ಗಂಟೆ ಬಿಟ್ಟು ರಕ್ತದ ಎಚ್‌ಸಿಜಿ ಮತ್ತೆ ನೋಡುತ್ತಾರೆ. ಏರಿಕೆ ಮಂದವಾಗಿದ್ದರೆ ಅನುಮಾನ ಬಲವಾಗುತ್ತದೆ, ಸರಿಯಾಗಿ ಏರಿದರೂ ಪೂರ್ತಿ ನಿಶ್ಚಿಂತೆಯಿಲ್ಲ.

ನಾಳ ಒಡೆಯದೆ ರಕ್ತದೊತ್ತಡ ಸ್ಥಿರವಾಗಿದ್ದರೆ, ಆಯ್ದವರಿಗೆ ಬಸಿರಿನ ಬೆಳವಣಿಗೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗುತ್ತದೆ. ಚುಚ್ಚುಮದ್ದಿನ ಬಳಿಕ 4ನೇ ಮತ್ತು 7ನೇ ದಿನದ ನಡುವೆ ಎಚ್‌ಸಿಜಿ ಶೇ. 15ರಷ್ಟಾದರೂ ಇಳಿಯಬೇಕು, ಬಳಿಕ ಅದು ಪೂರ್ತಿ ಹೋಗುವವರೆಗೆ ವಾರವಾರ ಪರೀಕ್ಷೆ. ಈ ಮದ್ದು ಕೋಶಗಳ ಬೆಳವಣಿಗೆಗೆ ಬೇಕಾದ ಫೋಲೇಟ್ ವಿಟಮಿನ್ನನ್ನೇ ತಡೆದು ಕೆಲಸ ಮಾಡುವುದರಿಂದ ಆ ಅವಧಿಯಲ್ಲಿ ಫೋಲಿಕ್ ಆಮ್ಲದ ಮಾತ್ರೆ ನಿಲ್ಲಿಸಬೇಕು, ಕನಿಷ್ಠ ಮೂರು ತಿಂಗಳು ಬಸಿರು ಬೇಡ. ಒಡೆದಿದ್ದರೆ ಆಪರೇಷನ್ನೇ ದಾರಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮುಂದಿನ ಬಸಿರಿನ ಮಗುವಿಗೆ ರಕ್ತದ ಗುಂಪಿನ ತೊಡಕಾಗದಂತೆ ಕೊಡುವ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಒಂದು ನಾಳ ತೆಗೆದರೂ ಇನ್ನೊಂದು ಚೆನ್ನಾಗಿದ್ದರೆ ಮಗು ಆಗಬಹುದು. ಮತ್ತೆ ಬಸಿರಾದಾಗ ಆರನೇ ವಾರಕ್ಕೇ ಸ್ಕ್ಯಾನ್ ಮಾಡಿಸಬೇಕು.