ಮುಪ್ಪಿನ ಪ್ರಶ್ನೆ ಯಾವ ವಿಭಾಗಕ್ಕೆ ಸೇರಿದ್ದು?

ಉದ್ದನೆಯ ಕಾರಿಡಾರು. ಯಾರಾದರೂ ಕಾಲಿಟ್ಟರೆ ದೀಪ ತಾನೇ ಹೊತ್ತಿಕೊಳ್ಳುತ್ತದೆ, ಚಲನೆ ನಿಂತ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ವಿದ್ಯುತ್ ಉಳಿತಾಯದ ಲೆಕ್ಕದಲ್ಲಿ ಈ ಏರ್ಪಾಡಿಗೆ ಪೂರ್ಣಾಂಕ. ಅದೇ ಕಾರಿಡಾರಿನಲ್ಲಿ ಎಂಬತ್ತು ದಾಟಿದವರೊಬ್ಬರು ವಾಕರ್ ಹಿಡಿದು ಹೊರಟಿದ್ದಾರೆ ಎನ್ನಿ. ನಡುದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು, ದೀಪ ಆರಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಅರವತ್ತರ ಅಕ್ಷಿಪಟಲಕ್ಕೆ ದಕ್ಕುವುದು ಸುಮಾರು ಮೂರರಲ್ಲಿ ಒಂದು ಪಾಲು. ಕತ್ತಲಿಗೆ ಹೊಂದಿಕೊಳ್ಳಲೂ ಆ ಕಣ್ಣಿಗೆ ಹೆಚ್ಚು ಹೊತ್ತು ಬೇಕು.

ಇಲ್ಲಿ ತಪ್ಪು ಯಾರದು? ಎಂಜಿನಿಯರ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಾನೆ. ಕಣ್ಣಿನ ಡಾಕ್ಟರು ಕಾರಿಡಾರನ್ನು ಪರೀಕ್ಷಿಸುವುದಿಲ್ಲ. ಪರಿಸರ ತಜ್ಞರಿಗೆ ಉಳಿದ ಯೂನಿಟ್ಟುಗಳೇ ಸಾಕ್ಷಿ. ಹೀಗೆ ಯಾರ ಮೇಜಿಗೂ ಬಾರದ ಪ್ರಶ್ನೆಗಳಿಗಾಗಿ ವಿಶ್ವವಿದ್ಯಾಲಯಗಳು ಈಗ ತಂತ್ರಜ್ಞಾನ, ಸುಸ್ಥಿರತೆ ಮತ್ತು ಆರೋಗ್ಯಕರ ಮುಪ್ಪನ್ನು ಒಂದೇ ಸೂರಿನಡಿ ತರುತ್ತಿವೆ. ಅನುದಾನ ಗಿಟ್ಟಿಸುವ ಹೊಸ ಮಂತ್ರ ಎಂದು ಮೂಗು ಮುರಿಯುವವರೂ ಇದ್ದಾರೆ. ಅಲ್ಲಲ್ಲಿ ಅದು ನಿಜವೂ ಹೌದು. ಆದರೆ ಬೇರು ಮಾತ್ರ ಹಳೆಯದು.

ಮುಪ್ಪಿನ ಅಧ್ಯಯನಕ್ಕೆ ‘ಜೆರಂಟಾಲಜಿ’ ಎಂಬ ಪದವನ್ನು 1903ರಲ್ಲಿ ಚಾಲ್ತಿಗೆ ತಂದವರು ಜೀವವಿಜ್ಞಾನಿ ಎಲಿ ಮೆಚ್ನಿಕಾಫ್. ಆರು ವರ್ಷದ ನಂತರ ವೈದ್ಯ ಇಗ್ನಾಟ್ಸ್ ನಾಶರ್ ವೃದ್ಧರ ಚಿಕಿತ್ಸೆಗೆ ‘ಜೆರಿಯಾಟ್ರಿಕ್ಸ್’ ಎಂದು ಹೆಸರಿಟ್ಟರು. ಇಬ್ಬರಿಗೂ ಮುಪ್ಪು ದೇಹದೊಳಗೆ ನಡೆಯುವ ಸಂಗತಿ. ಬಾಲ್ಟಿಮೋರ್‌ನಲ್ಲಿ 1958ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ದೀರ್ಘಾವಧಿ ಅಧ್ಯಯನವೂ ಮೊದಲಿಗೆ ದೇಹವನ್ನೇ ಅಳೆಯಲು ಹೊರಟಿದ್ದು.

ದಿಕ್ಕು ಬದಲಿಸಿದ್ದು ಒಂದು ಸರಳ ವಿಚಾರ. ಫಿಲಡೆಲ್ಫಿಯಾದಲ್ಲಿ ವೃದ್ಧರ ನಡುವೆಯೇ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಪಾವೆಲ್ ಲಾಟನ್, ಸಹೋದ್ಯೋಗಿ ಲುಸಿಲ್ ನಹೆಮೋ ಜೊತೆ 1973ರಲ್ಲಿ ಅದನ್ನು ಮಂಡಿಸಿದರು. ಮನುಷ್ಯನಿಗೆ ಇರುವ ಶಕ್ತಿ ಒಂದು ಕಡೆ, ಸುತ್ತಲಿನ ಜಾಗ ಅವನಿಂದ ಬೇಡುವ ಶ್ರಮ ಇನ್ನೊಂದು ಕಡೆ. ಇವೆರಡರ ಹೊಂದಾಣಿಕೆಯಲ್ಲಿ ಬದುಕು ನಡೆಯುತ್ತದೆ. ಶಕ್ತಿ ಕುಂದಿದಷ್ಟೂ ಜಾಗದ ಮಾತು ನಡೆಯುತ್ತದೆ. ಇಪ್ಪತ್ತರ ಹುಡುಗನಿಗೆ ಎತ್ತರದ ಮೆಟ್ಟಿಲು ಗಮನಕ್ಕೇ ಬಾರದು, ಎಂಬತ್ತರವರಿಗೆ ಅದೇ ಮೆಟ್ಟಿಲು ಇಡೀ ದಿನವನ್ನು ನಿರ್ಧರಿಸುತ್ತದೆ. ಈ ಸಿದ್ಧಾಂತದ ಇನ್ನೊಂದು ತುದಿಯನ್ನು ಬಹಳಷ್ಟು ಜನ ಮರೆತಿದ್ದಾರೆ: ಜಾಗ ಏನನ್ನೂ ಬೇಡದಿದ್ದರೂ ಕಷ್ಟವೇ. ಎಲ್ಲವನ್ನೂ ಯಂತ್ರವೇ ಮಾಡಿಕೊಟ್ಟರೆ ಇದ್ದ ಶಕ್ತಿಯೂ ಜಡ್ಡುಗಟ್ಟುತ್ತದೆ. ‘ಸ್ಮಾರ್ಟ್ ಹೋಮ್’ ಮಾರುವವರು ಈ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ.

ಅದೇ ದಶಕದ ಕೊನೆಗೆ ಪ್ಯಾಟ್ರಿಷಿಯಾ ಮೂರ್ ಎಂಬ ಇಪ್ಪತ್ತಾರರ ಯುವ ವಿನ್ಯಾಸಕಿ ಮುದುಕಿಯ ವೇಷ ಹಾಕಿದರು. ಬರೀ ಮೇಕಪ್ಪಲ್ಲ. ದೃಷ್ಟಿ ಮಸುಕಾಗುವ ಕನ್ನಡಕ, ಕಿವಿಗೆ ಬಿರಡೆ, ಕೈಕಾಲು ಮಡಚದಂತೆ ಕಟ್ಟುಗಳು. 1979ರಿಂದ ಮೂರು ವರ್ಷ ಅಮೆರಿಕ ಮತ್ತು ಕೆನಡಾದ ನೂರಕ್ಕೂ ಹೆಚ್ಚು ಊರುಗಳಲ್ಲಿ ಹೀಗೆ ಓಡಾಡಿದರು. ಸಂಧಿವಾತ ಇರುವವರೂ ತೆರೆಯಬಲ್ಲ ಫ್ರಿಜ್ ಬಾಗಿಲು ಮಾಡೋಣವೇ ಎಂದು ಕೇಳಿದಾಗ, ಅಂಥವರಿಗಾಗಿ ನಾವು ವಿನ್ಯಾಸ ಮಾಡುವುದಿಲ್ಲ ಎಂಬ ಉತ್ತರ ಅವರಿಗೆ ಕಚೇರಿಯಲ್ಲಿ ಸಿಕ್ಕಿತ್ತು. ಈಗ ಆ ವೇಷಕ್ಕೆ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿದೆ. 1999ರಲ್ಲಿ ಹುಟ್ಟಿದ, ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಏಜ್‌ಲ್ಯಾಬ್‌ನಲ್ಲಿ ‘ಆಗ್ನೆಸ್’ ಎಂಬ ಉಡುಪಿದೆ; ತೊಟ್ಟರೆ ಬೆನ್ನು ಬಗ್ಗದು, ಮಂಡಿ ಮಡಚದು. ನನಗೆ ಅದರ ಮೇಲೆ ಸಣ್ಣದೊಂದು ತಕರಾರು. ಒಂದು ಗಂಟೆಯಲ್ಲಿ ಬಂದ ಮುಪ್ಪು ಗಾಬರಿ ಹುಟ್ಟಿಸುತ್ತದೆ. ನಿಜವಾದ ಮುಪ್ಪು ದಶಕಗಳಲ್ಲಿ ಬರುತ್ತದೆ, ಅಷ್ಟರಲ್ಲಿ ಮನುಷ್ಯ ಹತ್ತಾರು ಉಪಾಯ ಕಲಿತಿರುತ್ತಾನೆ. ಉಡುಪಿಗೆ ಆ ಉಪಾಯಗಳು ಗೊತ್ತಿಲ್ಲ.

ಮುಪ್ಪು ಮತ್ತು ತಂತ್ರಜ್ಞಾನ ಕೂಡುವ ಈ ಕ್ಷೇತ್ರಕ್ಕೆ ‘ಜೆರಂಟೆಕ್ನಾಲಜಿ’ ಎಂಬ ಹೆಸರು ಬಂದದ್ದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಮೊದಲ ಅಂತರರಾಷ್ಟ್ರೀಯ ಸಮ್ಮೇಳನವೂ 1991ರಲ್ಲಿ ಅಲ್ಲೇ ನಡೆಯಿತು. ಎಂಜಿನಿಯರುಗಳು ಉಮೇದಿನಿಂದ ಉಪಕರಣ ಕಟ್ಟಿದರು. ಬಿದ್ದರೆ ಒತ್ತಲು ಕೊರಳಿನ ಅಲಾರಾಂ ಗುಂಡಿಯಂತೂ ಎಪ್ಪತ್ತರ ದಶಕದಿಂದಲೇ ಇತ್ತು. 2008ರಲ್ಲಿ ಪ್ರಕಟವಾದ ಕೇಂಬ್ರಿಜ್‌ನ ಅಧ್ಯಯನವೊಂದು ತೊಂಬತ್ತು ದಾಟಿದವರನ್ನು ಒಂದು ವರ್ಷ ಹಿಂಬಾಲಿಸಿತು. ಶೇ 60 ಮಂದಿ ಬಿದ್ದರು. ಬಿದ್ದವರಲ್ಲಿ ಶೇ 30 ಮಂದಿ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲೇ ಇದ್ದರು. ಹೀಗೆ ತುಂಬ ಹೊತ್ತು ಬಿದ್ದಿದ್ದ ಹೆಚ್ಚಿನ ಪ್ರಸಂಗಗಳಲ್ಲಿ ಅಲಾರಾಂ ಮನೆಯಲ್ಲಿದ್ದರೂ ಒತ್ತಿರಲಿಲ್ಲ. ಕೆಲವರು ಅದನ್ನು ತೊಟ್ಟಿರಲಿಲ್ಲ, ಕೆಲವರಿಗೆ ಇನ್ನೊಬ್ಬರಿಗೆ ತೊಂದರೆ ಕೊಡಲು ಸಂಕೋಚ. ಸರ್ಕ್ಯೂಟಿನಲ್ಲಿ ಸಂಕೋಚಕ್ಕೆ ಪರಿಹಾರವಿಲ್ಲ; ಸಮಾಜಶಾಸ್ತ್ರಜ್ಞರನ್ನು ಲ್ಯಾಬಿಗೆ ಕರೆಯಲೇಬೇಕಾಯಿತು.

ಸುಸ್ಥಿರತೆಯ ಧಾರೆ ಬೇರೆಯೇ ಹರಿಯುತ್ತಿತ್ತು. 1987ರಲ್ಲಿ ಬಂದ, ಸುಸ್ಥಿರ ಅಭಿವೃದ್ಧಿ ಕುರಿತ ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗದ ವರದಿಯ ಚಿಂತೆ ಮುಂದಿನ ಪೀಳಿಗೆಯದು, ಇನ್ನೂ ಹುಟ್ಟದವರದು. ಹವಾಮಾನದ ಚರ್ಚೆಗೆ ಮುದುಕರನ್ನು ಎಳೆದು ತಂದದ್ದು ಬಿಸಿಲು. 1995ರ ಜುಲೈನಲ್ಲಿ ಶಿಕಾಗೋದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು, ಹಲವರು ಒಂಟಿ ವೃದ್ಧರು. 2003ರ ಆಗಸ್ಟಿನಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಹೆಚ್ಚುವರಿ ಸಾವು. ವಯಸ್ಸಾದಂತೆ ಬೆವರುವುದು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ಇದು ವೈದ್ಯರಿಗೆ ಗೊತ್ತಿತ್ತು. ಆದರೆ ಶಿಕಾಗೋದಲ್ಲಿ ಅಕ್ಕಪಕ್ಕದ ಎರಡು ಬಡಾವಣೆಗಳಲ್ಲಿ, ಅದೇ ಬಿಸಿಲಿನಲ್ಲಿ, ಸಾವಿನ ಪ್ರಮಾಣ ಅಜಗಜಾಂತರವಾಗಿತ್ತು. ಒಂದರ ಬೀದಿಯಲ್ಲಿ ಅಂಗಡಿ, ಜನ, ಓಡಾಟ. ಇನ್ನೊಂದು ಬರಿದಾಗಿತ್ತು, ಒಳಗಿದ್ದವರು ಬಾಗಿಲು ತೆರೆಯಲು ಹೆದರುತ್ತಿದ್ದರು. ಸಾವಿನ ಕಾರಣ ಹುಡುಕಿ ಹೊರಟವರಿಗೆ ಬೀದಿಯ ನಕ್ಷೆ ಬೇಕಾಯಿತು.

ಆಮೇಲಿನದು ಬೇಗ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 33 ನಗರಗಳ ಅನುಭವದಿಂದ ಹಿರಿಯಸ್ನೇಹಿ ನಗರಗಳ ಮಾರ್ಗದರ್ಶಿ ತಂದಿತು. 2012ರಲ್ಲಿ ಡಬ್ಲಿನ್ ಸಿಟಿ ವಿಶ್ವವಿದ್ಯಾಲಯ ಹಿರಿಯಸ್ನೇಹಿ ವಿಶ್ವವಿದ್ಯಾಲಯಕ್ಕೆ ಹತ್ತು ತತ್ವಗಳನ್ನು ಹಾಕಿಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ವಿಶ್ವ ವರದಿ ಆರೋಗ್ಯಕರ ಮುಪ್ಪನ್ನು ರೋಗವಿಲ್ಲದ ಸ್ಥಿತಿ ಎನ್ನಲಿಲ್ಲ. ತನಗೆ ಬೇಕಾದ್ದನ್ನು ಮಾಡುತ್ತ ಬದುಕುವ ಸಾಮರ್ಥ್ಯ ಎಂದಿತು, ಅದರಲ್ಲಿ ಪರಿಸರದ ಪಾಲನ್ನೂ ಸೇರಿಸಿತು. ಲಾಟನ್ ಮಾತು ನಲವತ್ತು ವರ್ಷ ತಡವಾಗಿ ಅಧಿಕೃತವಾಯಿತು. ಈಗ ನಡೆಯುತ್ತಿರುವುದು ವಿಶ್ವಸಂಸ್ಥೆಯ ಆರೋಗ್ಯಕರ ಮುಪ್ಪಿನ ದಶಕ, 2021ರಿಂದ 2030.

ಮೂರೂ ಧಾರೆಗಳು ಒಂದೇ ಗೋಡೆಯ ಮೇಲೆ ಡಿಕ್ಕಿ ಹೊಡೆದದ್ದನ್ನು ನೋಡಬೇಕಿದ್ದರೆ ಬ್ರಿಟನ್ನಿನ ಹಳೆಯ ಫೋನ್ ತಂತಿಯನ್ನು ನೋಡಬೇಕು. ತಾಮ್ರದ ಲ್ಯಾಂಡ್‌ಲೈನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯಲ್ಲಿ ಕರೆಂಟು ಹೋದರೂ ಫೋನ್ ಸಾಯುತ್ತಿರಲಿಲ್ಲ. ಹಿರಿಯರ ಅಲಾರಾಂ ಪೆಟ್ಟಿಗೆಗಳು ನಂಬಿದ್ದು ಅದನ್ನೇ. ತಾಮ್ರದ ಜಾಗಕ್ಕೆ ಬರುತ್ತಿರುವ ಫೈಬರ್ ಕಡಿಮೆ ವಿದ್ಯುತ್ ನುಂಗುತ್ತದೆ, ಪರಿಸರದ ಲೆಕ್ಕದಲ್ಲಿ ಮೇಲು. ಆದರೆ ಮನೆಯ ರೌಟರ್ ಆರಿದರೆ ಅಲಾರಾಂ ಕೂಡ ಮೂಕ. ಬದಲಾವಣೆಯ ವೇಳೆ ಕೆಲವರ ಅಲಾರಾಂ ಕೆಲಸ ಮಾಡದೆ ಗಂಭೀರ ಪ್ರಸಂಗಗಳು ನಡೆದ ಮೇಲೆ, 2023ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಂಪನಿಗಳು ಗ್ರಾಹಕರನ್ನು ಬಲವಂತವಾಗಿ ಹೊಸ ಜಾಲಕ್ಕೆ ಬದಲಾಯಿಸುವುದನ್ನು ತಡೆಹಿಡಿದವು. 2025ರ ಕೊನೆಗೆ ಮುಗಿಯಬೇಕಿದ್ದ ಕೆಲಸದ ಗಡುವು 2027ರ ಜನವರಿಗೆ ಹೋಯಿತು. ಆಗ ಎದ್ದ ಮೊದಲ ತೊಡಕು ಬ್ಯಾಟರಿಯದೂ ಅಲ್ಲ, ಕೇಬಲ್ಲಿನದೂ ಅಲ್ಲ. ಯಾವ ಮನೆಯಲ್ಲಿ ಅಲಾರಾಂ ಇದೆ ಎಂಬುದು ಕಂಪನಿಗಳಿಗೆ ಪೂರ್ತಿ ಗೊತ್ತಿರಲಿಲ್ಲ. ಆ ಪಟ್ಟಿ ಇದ್ದದ್ದು ಸ್ಥಳೀಯ ಆಡಳಿತಗಳ ಬಳಿ, ಆರೈಕೆ ಸೇವೆಯವರ ಕಡತಗಳಲ್ಲಿ.