ರೂಯಿ: ಯಾರೂ ಆಳಲು ಬಳಸದ ರಾಜದಂಡ

ಸುಮಾರು ಒಂದೂವರೆ ಅಡಿ ಉದ್ದದ, ಸ್ವಲ್ಪ ಬಾಗಿದ ಹಿಡಿ. ತುದಿಯಲ್ಲಿ ಮೋಡದ ಅಥವಾ ಅಣಬೆಯ ಆಕಾರದ ತಲೆ. ಮೇಲೆ ಜೇಡ್ ಎಂಬ ಬೆಲೆಬಾಳುವ ಕಲ್ಲು, ಹವಳ, ಬಣ್ಣದ ಕಲ್ಲುಗಳ ಕೆಲಸ. ಚೀನಾದ ಈ ವಸ್ತುವಿನ ಹೆಸರು ರೂಯಿ. ಅಂದರೆ ‘ಅಂದುಕೊಂಡ ಹಾಗೆ’. ಇಂಗ್ಲಿಷಿನವರು ಇದನ್ನು ಸೆಪ್ಟರ್ ಅಂದರು, ನಾವೂ ಸುಮ್ನೆ ರಾಜದಂಡ ಅಂದುಬಿಡುತ್ತೇವೆ. ಆದರೆ ಇದು ಅಧಿಕಾರದ ಕೋಲಲ್ಲ, ಹಾರೈಕೆಯ ಉಡುಗೊರೆ.

ಮೊದಲಿಗೆ ಇದು ಬೆನ್ನು ಕೆರೆಯುವ ಕೋಲಾಗಿತ್ತು ಎನ್ನುವುದು ಹಳೆಯ ವಾದ. ಕೈಗೆ ಎಟುಕದ ಕಡೆ ತುರಿಕೆ ಹೋದರೆ ಅಂದುಕೊಂಡ ಹಾಗೆ ಆಯಿತಲ್ವಾ! ಬೌದ್ಧ ಭಿಕ್ಷುಗಳು ಉಪದೇಶ ಮಾಡುವಾಗಲೂ ಇದನ್ನು ಹಿಡಿಯುತ್ತಿದ್ದರು. ಚೀನೀ ಚಿತ್ರಗಳಲ್ಲಿ ಬೋಧಿಸತ್ವ ಮಂಜುಶ್ರೀಯ ಕೈಯಲ್ಲಿ ಕಾಣುತ್ತದೆ. ಕಬ್ಬಿಣದ ರೂಯಿಯೂ ಇತ್ತು. ಮೂರನೇ ಶತಮಾನದ ಶೀ ಚುಂಗ್ ಎಂಬ ಸಿರಿವಂತ, ಎದುರಾಳಿ ಜಂಬದಿಂದ ತೋರಿಸಿದ ಹವಳದ ಗಿಡವನ್ನು ಅಂಥದ್ದರಿಂದಲೇ ಒಡೆದು ಹಾಕಿ, ಅದಕ್ಕಿಂತ ದೊಡ್ಡ ಗಿಡಗಳನ್ನು ತರಿಸಿ ಕೊಟ್ಟನಂತೆ.

ರೂಯಿ ನಿಜಕ್ಕೂ ಮೆರೆದಿದ್ದು ಚಿಂಗ್ ವಂಶದ ಚಿಯೆನ್‌ಲಾಂಗ್ ಚಕ್ರವರ್ತಿಯ ಕಾಲದಲ್ಲಿ. 1759ರಲ್ಲಿ ಪಶ್ಚಿಮದ ಇಂದಿನ ಶಿನ್‌ಜಿಯಾಂಗ್ ಅವನ ಕೈಸೇರಿತು. ಅಲ್ಲಿನ ಖೋತಾನ್‌ನ ಬಿಳಿ ಜೇಡ್ ಅರಮನೆಗೆ ಧಾರಾಳವಾಗಿ ಬರತೊಡಗಿತು. ಇಡೀ ಜೇಡ್‌ನಲ್ಲಿ ಕೆತ್ತಿದವು ಒಂದು ಬಗೆ. ಮರದ ಹಿಡಿಯ ತಲೆ, ನಡು, ಬುಡದಲ್ಲಿ ಮೂರು ಜೇಡ್ ಬಿಲ್ಲೆ ಕೂರಿಸಿದವು ಇನ್ನೊಂದು ಬಗೆ. 1770ರಲ್ಲಿ ಚೀನೀ ಲೆಕ್ಕದಂತೆ ಅವನಿಗೆ ಅರವತ್ತಾದಾಗ ಅಧಿಕಾರಿಗಳು ಚಿನ್ನದ ತಂತಿ ಕೆಲಸದ 60 ರೂಯಿ ಒಪ್ಪಿಸಿದರು. ನಮ್ಮ ಹಾಗೆಯೇ ಅವರದ್ದೂ ಅರವತ್ತು ವರ್ಷದ ಚಕ್ರ. ವರ್ಷಕ್ಕೊಂದರಂತೆ ಲೆಕ್ಕ.

1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಬಂದಾಗ, ಅವನಿಗೂ ಅವನ ರಾಜನಿಗೂ ಚಕ್ರವರ್ತಿ ಒಂದೊಂದು ರೂಯಿ ಕೊಟ್ಟ. (1784ರಲ್ಲಿ ಟಿಪ್ಪುವಿನ ಜತೆ ಮಂಗಳೂರು ಒಪ್ಪಂದ ಆದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಇವನೇ.) ಅಗೇಟ್‌ನಂಥ ಬಿಳಿಚು ಕಲ್ಲು, ಚೀನೀಯರಿಗೆ ಬಹಳ ಅಮೂಲ್ಯ, ನನಗೇನೂ ಅಂಥ ಬೆಲೆಯದ್ದಾಗಿ ಕಾಣಲಿಲ್ಲ ಎಂದು ಬರೆದುಕೊಂಡ. ಕಲ್ಲನ್ನು ನೋಡಿದ, ಹಾರೈಕೆಯನ್ನು ನೋಡಲಿಲ್ಲ!

ಈ ಹಾರೈಕೆಯೇ ಒಬ್ಬನಿಗೆ ಉರುಳಾಯಿತು. 1795ರಲ್ಲಿ ಉತ್ತರಾಧಿಕಾರಿಯ ಹೆಸರು ಹೊರಬೀಳುವ ಹಿಂದಿನ ದಿನ, ಮಂತ್ರಿ ಹೆಶೆನ್ ಆ ರಾಜಕುಮಾರನಿಗೆ ಒಂದು ರೂಯಿ ತಲುಪಿಸಿದ. ಗುಟ್ಟು ನನಗೆ ಗೊತ್ತು, ನಾನು ನಿಮ್ಮವನು ಎನ್ನುವ ಸೂಚನೆ. 1799ರಲ್ಲಿ ಮುದಿ ಚಕ್ರವರ್ತಿ ತೀರಿಕೊಂಡ. ಆ ರಾಜಕುಮಾರನೇ ಆದ ಹೊಸ ಚಕ್ರವರ್ತಿ ಜಿಯಾಚಿಂಗ್ ಹೆಶೆನ್ ಮೇಲೆ 20 ಆರೋಪ ಹೊರಿಸಿದ. ಮೊದಲನೆಯದೇ ಆ ರೂಯಿ. ಹೆಶೆನ್ ತನ್ನ ಪ್ರಾಣ ತಾನೇ ಕಳೆದುಕೊಳ್ಳಬೇಕಾಯಿತು.

ಅಧಿಕಾರಿಗಳು ರೂಯಿ ಒಪ್ಪಿಸುವುದನ್ನೂ ಜಿಯಾಚಿಂಗ್ ನಿಲ್ಲಿಸಿದ. ನಿಮಗೆ ಇದು ಅಂದುಕೊಂಡ ಹಾಗೆ ಇರಬಹುದು, ನನಗೆ ಮಾತ್ರ ಹಾಗಿಲ್ಲ ಎಂದು ಆಜ್ಞೆಯಲ್ಲೇ ಕುಟುಕಿದ. ಆದರೂ ಈ ಚಾಳಿ ಜಾಸ್ತಿ ದಿನ ದೂರ ಇರಲಿಲ್ಲ. ಚಿಂಗ್ ಅರಮನೆಯಲ್ಲಿ ಮಹಾರಾಣಿಯಾಗಿ ಆಯ್ಕೆಯಾದ ಹುಡುಗಿಯ ಕೈಗೆ ಮೊದಲು ಬರುತ್ತಿದ್ದದ್ದು ರೂಯಿಯೇ.